ಅವಳಿಗೆ ಮಾತ್ರ ಜ್ಯೂಸ್ ಯಾಕೆ?

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರ ಹಿಂದೆ ಸುಮ್ನೆ ಒಂದು ಸುತ್ತು ಹಾಕಿ ನೋಡಿ. ಶುಗರ್ ಬಗ್ಗೆ ಒಂದು ಪಾಠವೇ ಆಗಿಬಿಡುತ್ತದೆ. 'ಫಾಸ್ಟಿಂಗ್ ಎಷ್ಟು ಬಂತು?' 'ಈ ಸಲ 140.' 'ರಾತ್ರಿ ಅನ್ನ ಬಿಟ್ಟಿಲ್ಲ ಅನ್ಸುತ್ತೆ ನೀವು.' ಮೆಂತ್ಯ ನೆನೆಸಿದ ನೀರು, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಎಲ್ಲದರ ಅಳತೆಯೂ ಅಲ್ಲೇ ಸಿಗುತ್ತದೆ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಮುಂದೆ ಕುಂಡದಲ್ಲಿ 'ಇನ್ಸುಲಿನ್ ಗಿಡ' ಇದೆ. ನಮ್ಮ ಅಮ್ಮನೂ ಒಂದು ಬೆಳೆಸಿದ್ದಾರೆ. ದಿನಾ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ಡಾಕ್ಟರು ಕೊಟ್ಟ ಮಾತ್ರೆಯನ್ನೂ ನುಂಗುತ್ತಾರೆ. ಕಡಿಮೆಯಾದರೆ ಹೆಸರು ಎಲೆಗೆ, ಜಾಸ್ತಿಯಾದರೆ ತಪ್ಪು ಮಾತ್ರೆಯದು.

ಇಷ್ಟು ಚೆನ್ನಾಗಿ ಎಲ್ಲರಿಗೂ ಗೊತ್ತಿರುವ ಕಾಯಿಲೆ ಇದು. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಶುಗರ್ ಇದೆ ಅಂದಾಗ ಈ ತಿಳಿವಳಿಕೆ ಅವಳ ಕಾಲಿಗೇ ತೊಡಕಾಗುತ್ತದೆ. ಗೊತ್ತಿಲ್ಲದವರು ಕೇಳಿಯಾದರೂ ತಿಳಿದುಕೊಳ್ಳುತ್ತಾರೆ. ಗೊತ್ತಿದೆ ಅಂದುಕೊಂಡವರು ಕೇಳುವುದೇ ಇಲ್ಲ. ನನ್ನ ಮಗನ ಕ್ಲಾಸಿನಲ್ಲಿ ಅಂಥ ಹುಡುಗಿ ಇದ್ದಾಳೆ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೇ ಅವರ ಮನೆ. ಹೆಸರು ಬೇಡ, ಇಲ್ಲಿ ಅವಳನ್ನು ಪುಟ್ಟಿ ಅಂತಲೇ ಕರೆಯುತ್ತೇನೆ. ಅವಳಿಗೆ ಇರುವುದು ಟೈಪ್ ಒನ್ ಡಯಾಬಿಟಿಸ್. ಪಾರ್ಕಿನಲ್ಲಿ ಮಾತಾಡುವುದು ಟೈಪ್ ಟೂ ಬಗ್ಗೆ. ಹೆಸರು ಒಂದೇ ಥರ ಇದೆ, ಮೀಟರ್‌ನಲ್ಲಿ ನೋಡುವ ನಂಬರೂ ಒಂದೇ. ಕಾರಣ ಮಾತ್ರ ಬೇರೆ.

ನಮ್ಮ ಅಮ್ಮನ ದೇಹದಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಆದರೆ ಅದು ಹೇಳಿದ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಪುಟ್ಟಿಯ ದೇಹದಲ್ಲಿ ಅದು ತಯಾರಾಗುವುದೇ ನಿಂತುಹೋಗಿದೆ. ರೋಗದ ವಿರುದ್ಧ ಹೋರಾಡಬೇಕಾದ ಅವಳ ದೇಹದ ಕಾವಲು ಪಡೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಹಾಳು ಮಾಡಿದೆ. ಚಾಕೊಲೇಟ್ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಬ್ಬರಿಗೆ ಅಂಟುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು, ಊಟಕ್ಕೊಂದು ಸಲ, ತಿಂಡಿಗೊಂದು ಸಲ, ರಾತ್ರಿಗೊಂದು ಸಲ. ಅದನ್ನು ನಿಲ್ಲಿಸಿ ಎಲೆ ತಿನ್ನಿಸಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಪುಟ್ಟಿಯ ಅಮ್ಮನಿಗೆ ಆ ಎಲೆ ತಂದುಕೊಟ್ಟವರು ಒಬ್ಬಿಬ್ಬರಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ಅವರು ಬೇಡ ಅನ್ನಲಾಗದೆ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಹಿತ್ತಿಲಿಗೆ ಹಾಕುತ್ತಿದ್ದರಂತೆ. ಈಗ ಅಲ್ಲೊಂದು ಬುಡ ಚಿಗುರಿದೆ ಅಂತ ನಗುತ್ತಾರೆ.

ನ್ಯಾಯದ ಪ್ರಶ್ನೆ

ನನ್ನನ್ನು ಈ ಯೋಚನೆಗೆ ಹಚ್ಚಿದ್ದು ಮಗನ ಒಂದು ದೂರು. ನಾನು ಸಂಜೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಅವನು ಬ್ಯಾಗ್ ಎಸೆದು ಬಂದವನೇ ಶುರು ಮಾಡಿದ. 'ಅಪ್ಪ, ಕ್ಲಾಸಲ್ಲಿ ತಿಂದ್ರೆ ಮಿಸ್ ಬೈತಾರೆ. ಪುಟ್ಟಿ ಗಣಿತದ ಪೀರಿಯಡ್‌ನಲ್ಲೇ ಜ್ಯೂಸ್ ಕುಡೀತಾಳೆ. ಅವಳಿಗೆ ಏನೂ ಅನ್ನಲ್ಲ. ಬಾತ್‌ರೂಮಿಗೂ ಕೇಳದೇ ಹೋಗ್ತಾಳೆ. ಅವಳಿಗೆ ಮಾತ್ರ ಯಾಕೆ?'

ಇಂಥ ಪ್ರಶ್ನೆಗೆ ದೊಡ್ಡವರ ಹತ್ತಿರ ಎರಡು ಉತ್ತರ ಸಿದ್ಧವಿರುತ್ತವೆ. ಒಂದು, 'ಸುಮ್ನಿರು, ಹಾಗೆಲ್ಲ ಮಾತಾಡಬಾರದು.' ಇನ್ನೊಂದು, 'ಪಾಪ ಕಣೋ, ಅವಳಿಗೆ ಹುಷಾರಿಲ್ಲ.' ಮೊದಲನೆಯದರಿಂದ ಅವನು ಪ್ರಶ್ನೆಯನ್ನು ಒಳಗಿಟ್ಟುಕೊಂಡು ಕ್ಲಾಸಿನಲ್ಲಿ ಬೇರೆ ಹುಡುಗರ ಜೊತೆ ಪಿಸುಗುಡುತ್ತಾನೆ. ಎರಡನೆಯದನ್ನು ಅವನು ನಂಬುವುದಿಲ್ಲ. ಯಾಕೆ ನಂಬಬೇಕು? ನಿನ್ನೆ ಮೈದಾನದಲ್ಲಿ ತನಗಿಂತ ಜೋರಾಗಿ ಓಡಿದವಳಿಗೆ ಇವತ್ತು ಹುಷಾರಿಲ್ಲ ಅಂದರೆ ಹೇಗೆ? ಜ್ವರ ಇಲ್ಲ, ಕೆಮ್ಮಿಲ್ಲ, ಬ್ಯಾಂಡೇಜ್ ಇಲ್ಲ. ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಪ್ಲಾಸ್ಟರ್ ಹಾಕಿಕೊಂಡು ಬಂದ ದಿನ ಎಲ್ಲರೂ ಸ್ಕೆಚ್ ಪೆನ್ ಹಿಡಿದು ಅದರ ಮೇಲೆ ಹೆಸರು ಬರೆದಿದ್ದರು. ಅವನ ನೋಟ್ಸ್ ಬರೆದುಕೊಡಲು ಜಗಳ. ಅವನಿಗೆ ಪಿ.ಟಿ. ಇಲ್ಲ ಅಂದಾಗ ಯಾರೂ ನ್ಯಾಯ ಕೇಳಲಿಲ್ಲ. ಕಣ್ಣಿಗೆ ಕಾಣುವ ಪ್ಲಾಸ್ಟರೇ ಉತ್ತರ ಹೇಳಿಬಿಟ್ಟಿತ್ತು. ಪುಟ್ಟಿಯ ಕೈಯಲ್ಲಿ ಇದ್ದದ್ದು ಜ್ಯೂಸ್ ಡಬ್ಬಿ, ಅದರಿಂದ ಎದ್ದದ್ದು ಪ್ರಶ್ನೆಯೇ.

ಮಕ್ಕಳಿಗೆ ಕರುಣೆ ಕಡಿಮೆ ಅಂತ ನಾವು ಬಹಳ ಬೇಗ ತೀರ್ಮಾನ ಮಾಡುತ್ತೇವೆ. ಅಂಥ ಮಕ್ಕಳಿಗೆ ನೀತಿಪಾಠ ಹೇಳಲು ಹೊರಡುತ್ತೇವೆ. ನನಗೆ ಅನಿಸುವುದು ಬೇರೆ. ಆ ವಯಸ್ಸಿನಲ್ಲಿ ನ್ಯಾಯದ ತಕ್ಕಡಿ ಬಹಳ ಸೂಕ್ಷ್ಮವಾಗಿರುತ್ತದೆ. ಎರಡು ಹೋಳು ಹೋಳಿಗೆಯಲ್ಲಿ ಯಾವುದು ದೊಡ್ಡದು ಅಂತ ಅಳತೆಪಟ್ಟಿ ಇಲ್ಲದೆ ಹೇಳುತ್ತಾರೆ. ಅವರಿಗೆ ಬೇಕಾಗಿರುವುದು ಕಾರಣ. ಸರಿಯಾದ ಕಾರಣ ಸಿಕ್ಕರೆ ತಮ್ಮ ಪಾಲನ್ನೂ ಬಿಟ್ಟುಕೊಡುತ್ತಾರೆ. ಸಿಗದಿದ್ದರೆ ತಾವೇ ಒಂದು ಕಾರಣ ಹೆಣೆಯುತ್ತಾರೆ. ಪುಟ್ಟಿಯ ಕ್ಲಾಸಿನಲ್ಲಿ ಹಾಗೆ ಹೆಣೆದ ಕಾರಣಗಳು ಓಡಾಡುತ್ತಿದ್ದವು. ಅವಳು ಮಿಸ್‌ಗೆ ಸಂಬಂಧಿ. ಅವಳು ಪಿ.ಟಿ. ತಪ್ಪಿಸಲು ನಾಟಕ ಮಾಡುತ್ತಾಳೆ. ಅವಳ ಬಾಟಲಿಯ ನೀರು ಕುಡಿದರೆ ನಮಗೂ ಬರುತ್ತೆ. ಚಿಕ್ಕವಳಿದ್ದಾಗ ಮನೆಯಲ್ಲಿ ಬೇಕಾಬಿಟ್ಟಿ ಚಾಕೊಲೇಟ್ ಕೊಟ್ಟಿದ್ದಾರೆ. ಈ ಕೊನೆಯದು ಮಕ್ಕಳ ಮಾತಲ್ಲ ಅಂತ ಕೇಳಿದರೇ ಗೊತ್ತಾಗುತ್ತದೆ. ಯಾವುದೋ ಮನೆಯ ಊಟದ ಹೊತ್ತಿನಲ್ಲಿ ದೊಡ್ಡವರು ಆಡಿದ್ದು ಟಿಫನ್ ಡಬ್ಬಿಯ ಜೊತೆ ಸ್ಕೂಲಿಗೆ ಬಂದಿದೆ.

ನಾನು ರೊಟ್ಟಿ ತಟ್ಟುತ್ತಲೇ ಅವನಿಗೆ ಮದುವೆ ಊಟದ ಕಥೆ ಹೇಳಿದೆ. ಪಂಕ್ತಿಯಲ್ಲಿ ಎಲ್ಲರೂ ಎಲೆ ಮುಂದೆ ಕೂತಿದ್ದಾರೆ. ಅಡುಗೆಮನೆಯಲ್ಲಿ ಅನ್ನ, ಸಾರು, ಪಾಯಸ ಎಲ್ಲ ರಾಶಿ ಬಿದ್ದಿದೆ. ಬಡಿಸುವವರೇ ಬಂದಿಲ್ಲ. ಆಗೇನಾಗುತ್ತೆ? 'ಎಲ್ರೂ ಹಸ್ಕೊಂಡೇ ಇರ್ತಾರೆ' ಅಂದ. ಹೌದು, ಅಡುಗೆ ಅಷ್ಟಿದ್ದರೂ ಹಸಿವು. ರಕ್ತದಲ್ಲಿರುವ ಸಕ್ಕರೆ ಆ ಅಡುಗೆ, ಬಡಿಸುವವರು ಇನ್ಸುಲಿನ್. ಕಾಯಿಲೆ ಗೊತ್ತಾಗುವ ಮೊದಲು ಪುಟ್ಟಿ ಸಣ್ಣಗಾಗಿದ್ದು, ಸುಸ್ತು ಅಂತ ಮಲಗುತ್ತಿದ್ದದ್ದು ಅದಕ್ಕೇ. ಉಳಿದ ಸಕ್ಕರೆಯನ್ನು ದೇಹ ಉಚ್ಚೆಯಲ್ಲಿ ಹೊರಗೆ ಹಾಕುತ್ತದೆ, ಅದಕ್ಕೇ ಪದೇ ಪದೇ ಬಾತ್‌ರೂಮ್, ಅದಕ್ಕೇ ತೀರದ ಬಾಯಾರಿಕೆ. 'ಹಾಗಾದ್ರೆ ಜ್ಯೂಸ್ ಯಾಕೆ? ಸಕ್ಕರೆ ಆಗ್ಲೇ ಜಾಸ್ತಿ ಇದೆಯಲ್ಲ?' ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಪಾರ್ಕಿನಲ್ಲಿ ಯಾರೂ ಇದನ್ನು ಕೇಳಿದ್ದು ನೆನಪಿಲ್ಲ. ಸೂಜಿಯಲ್ಲಿ ಇನ್ಸುಲಿನ್ ಕೊಟ್ಟ ಮೇಲೆ ಅದನ್ನು ವಾಪಸ್ ಕರೆಯಲಾಗುವುದಿಲ್ಲ. ತಿಂಡಿ ಕಡಿಮೆ ತಿಂದರೆ, ಆಟ ಜಾಸ್ತಿ ಆಡಿದರೆ, ಬಡಿಸುವವರು ಜಾಸ್ತಿಯಾಗಿ ಪಾತ್ರೆಯೇ ಬರಿದಾಗುತ್ತದೆ. ಆಗ ಕೈ ನಡುಗುತ್ತದೆ, ಬೆವರು ಬರುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಬೋರ್ಡಿನ ಮೇಲಿನ ಲೆಕ್ಕ ತಲೆಗೆ ಹೋಗುವುದಿಲ್ಲ. ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪಬಹುದು. ಜ್ಯೂಸ್ ಆ ಹೊತ್ತಿನ ಔಷಧಿ. ಗಣಿತದ ಪೀರಿಯಡ್ ಮುಗಿಯುವವರೆಗೆ ಅದು ಕಾಯುವುದಿಲ್ಲ.

ಸ್ವಲ್ಪ ಹೊತ್ತು ಯೋಚಿಸಿ ಕೇಳಿದ, 'ಅಂದ್ರೆ ಅವಳಿಗೆ ಜ್ಯೂಸ್ ಇಷ್ಟ ಇಲ್ದಿದ್ರೂ ಕುಡೀಬೇಕಾ?' ಹೌದು ಅಂದೆ. ಅಲ್ಲಿಗೆ ಅವನ ಕೇಸು ಮುಗಿಯಿತು. ಎರಡನೇ ರೊಟ್ಟಿ ಹಾಕಿಸಿಕೊಂಡ.

ನವೆಂಬರ್ 14

ಮಕ್ಕಳಿಗೆ ಕಾಯಿಲೆಯನ್ನು ಹೇಳಲು ಭಯ ಬೇಡ ಅಂತ ನನಗೆ ಧೈರ್ಯ ಬಂದದ್ದು ಇತಿಹಾಸದಿಂದ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡ್ರಿಕ್ ಬ್ಯಾಂಟಿಂಗ್ ಎಂಬ ಯುವ ಡಾಕ್ಟರು ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಬೇರ್ಪಡಿಸಿದರು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳಿಗೆ ಇದ್ದ ಚಿಕಿತ್ಸೆ ಅಂದರೆ ಉಪವಾಸ. ತೀರಾ ಕಡಿಮೆ ತಿನ್ನಿಸಿ ಸಾವನ್ನು ಕೆಲವು ತಿಂಗಳು ಮುಂದೂಡುತ್ತಿದ್ದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದು ಶುದ್ಧವಾಗಿರಲಿಲ್ಲ, ಸರಿಯಾಗಿ ಕೆಲಸ ಮಾಡಲಿಲ್ಲ. ಜೇಮ್ಸ್ ಕಾಲಿಪ್ ಎಂಬ ಇನ್ನೊಬ್ಬರು ಕೂತು ಅದನ್ನು ಶುದ್ಧ ಮಾಡಿದರು. ಜನವರಿ 23ರಂದು ಮತ್ತೆ ಕೊಟ್ಟರು, ಹುಡುಗ ಚೇತರಿಸಿಕೊಂಡ. ಮುಂದಿನ ವರ್ಷವೇ ಬ್ಯಾಂಟಿಂಗ್‌ಗೆ ನೊಬೆಲ್ ಬಂತು. ಪೇಟೆಂಟನ್ನು ಈ ಮೂವರೂ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು.

ಇದನ್ನು ಹೇಳಿದಾಗ ಮಗ ಕೇಳಿದ ಮೊದಲ ಪ್ರಶ್ನೆ, 'ನಾಯಿಗಳು ಏನಾದ್ವು?' ಎರಡನೇ ಪ್ರಶ್ನೆ, 'ಆ ಹುಡುಗ ಎಷ್ಟು ವರ್ಷ ಬದುಕಿದ?' ಇನ್ನೂ 13 ವರ್ಷ, ಕೊನೆಗೆ ಹೋದದ್ದು ನ್ಯುಮೋನಿಯಾದಿಂದ. ಈಗಿನ ಔಷಧಿ, ಈಗಿನ ಮೀಟರ್ ಇದ್ದರೆ ಪೂರ್ತಿ ಆಯಸ್ಸು ಬದುಕುತ್ತಾರೆ ಅಂತಲೂ ಹೇಳಿದೆ. ಅವನಿಗೆ ಅದು ಬೇಕಾಗಿತ್ತು ಅಂತ ಮುಖ ನೋಡಿದಾಗಲೇ ಗೊತ್ತಾಯಿತು. ಕೇಳದೇ ಬಿಟ್ಟ ಪ್ರಶ್ನೆ ಅದಾಗಿತ್ತು. ಮಕ್ಕಳು ಸಾವಿನ ಬಗ್ಗೆ ಸುತ್ತುಬಳಸಿ ಕೇಳುತ್ತಾರೆ, ನಾಯಿಯಿಂದ ಶುರು ಮಾಡುತ್ತಾರೆ.

ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14. ಅದಕ್ಕೇ ಆ ದಿನ ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದು ನೆಹರೂ ಹುಟ್ಟಿದ ದಿನ, ಮಕ್ಕಳ ದಿನಾಚರಣೆ. ಸ್ಕೂಲುಗಳಲ್ಲಿ ಬೆಳಗ್ಗೆ ಭಾಷಣ, ಗುಲಾಬಿ ಹೂ, ಆಮೇಲೆ ತಟ್ಟೆ ತುಂಬ ಚಾಕೊಲೇಟ್. ಪುಟ್ಟಿಯ ಬೆಂಚಿನ ಹತ್ತಿರ ಬಂದಾಗ ತಟ್ಟೆ ಹಿಡಿದವರು ಒಂದು ಕ್ಷಣ ತಡೆದು ಮುಂದೆ ಹೋಗುತ್ತಾರೆ. ಕ್ಲಾಸಿನ ಮಕ್ಕಳ ಬರ್ತ್‌ಡೇಗಳಲ್ಲೂ ಹೀಗೇ. 'ನಿನಗೆ ಬೇಡ ಅಲ್ವಾ?' ಅಂತ ಅವರೇ ಕೇಳಿ ಅವರೇ ಉತ್ತರ ಹೇಳಿಕೊಳ್ಳುತ್ತಾರೆ. ಕೊಟ್ಟರೆ ಅವಳು ಬ್ಯಾಗಿಗೆ ಹಾಕಿಕೊಂಡು, ಮನೆಗೆ ಹೋಗಿ ಅಮ್ಮನ ಜೊತೆ ಲೆಕ್ಕ ಮಾಡಿ ತಿನ್ನುತ್ತಾಳೆ. ತಮ್ಮನಿಗೂ ಕೊಡಬಹುದು. ಅದು ಅವಳ ಇಷ್ಟ.

ಎಳ್ಳು ಬೆಲ್ಲದ ತಟ್ಟೆ

ಕಳೆದ ಸಂಕ್ರಾಂತಿಯ ಸಂಜೆ ಬೀದಿಯ ಹುಡುಗಿಯರೆಲ್ಲ ಎಳ್ಳು ಬೀರಲು ಹೊರಟಿದ್ದರು. ಪುಟ್ಟಿಯೂ ಹಸಿರು ಲಂಗ, ಮಲ್ಲಿಗೆ, ಕೈಯಲ್ಲಿ ತಟ್ಟೆ ಹಿಡಿದು ನಮ್ಮ ಮನೆಗೆ ಬಂದಳು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೇಬೀಜ, ಹುರಿಗಡಲೆ ಬೆರೆಸಿದ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು. ನಮ್ಮ ಅಮ್ಮ ಸೋಫಾದಲ್ಲಿ ಕೂತಿದ್ದರು. ಪೊಟ್ಟಣ ತೆಗೆದುಕೊಂಡು ತಲೆ ಸವರಿದರು. ಬದಲಿಗೆ ಕೊಡಲು ಒಳಗಿನಿಂದ ನಮ್ಮ ಮನೆಯ ತಟ್ಟೆ ತರಿಸಿದರು. ಅದರಲ್ಲಿ ಸಕ್ಕರೆ ಅಚ್ಚು ಇದ್ದವು. ಆನೆ, ನವಿಲು, ಗೋಪುರ. ಅಮ್ಮ ಬೇರೆ ಹುಡುಗಿಯರಿಗೆಲ್ಲ ಅಚ್ಚು ಕೊಟ್ಟು, ಪುಟ್ಟಿಯ ತಟ್ಟೆಗೆ ಬರೀ ಒಂದು ಬಾಳೆಹಣ್ಣು ಇಟ್ಟರು. 'ನಿನಗೆ ಬೇಡ ಕಣಮ್ಮ, ನಮ್ಮಿಬ್ಬರದೂ ಒಂದೇ ಕಾಯಿಲೆ. ನಾನೂ ತಿನ್ನಲ್ಲ, ನೋಡು' ಅಂದರು. ಪ್ರೀತಿಯಿಂದಲೇ ಅಂದರು. ತಾವಿಬ್ಬರೂ ಒಂದು ಕಡೆಯವರು ಅನ್ನುವ ಸಲಿಗೆ ಅದರಲ್ಲಿತ್ತು.

ಪುಟ್ಟಿ ತಟ್ಟೆ ನೋಡಿದಳು. ಜೊತೆಯ ಹುಡುಗಿಯರು ಅವಳನ್ನು ನೋಡಿದರು. ಆಮೇಲೆ ಅವಳು ಅಂದಳು, 'ಅಜ್ಜಿ, ನನಗೂ ಆನೆ ಕೊಡಿ. ನಾನು ತಿನ್ನಬಹುದು. ಎಷ್ಟು ತಿಂತೀನಿ ಅಂತ ಲೆಕ್ಕ ಹಾಕಿ ಇನ್ಸುಲಿನ್ ಹಾಕ್ಕೋತೀನಿ. ನೀವು ಬಾಳೆಹಣ್ಣು ಕೊಟ್ರಿ, ಅದರಲ್ಲೂ ಸಕ್ಕರೆ ಇದೆ, ಅದಕ್ಕೂ ಲೆಕ್ಕ ಹಾಕ್ಬೇಕು.' ಅಮ್ಮ ನನ್ನ ಮುಖ ನೋಡಿದರು. ಬಾಳೆಹಣ್ಣಿಗೆ ಲೆಕ್ಕ ಅನ್ನುವುದು ಅವರಿಗೆ ಹೊಸ ವಿಷಯ. ದಿನಾ ರಾತ್ರಿ ಊಟದ ನಂತರ ಎರಡು ತಿನ್ನುತ್ತಾರೆ, ಹಣ್ಣಲ್ವಾ ಅಂತ.

ಅಲ್ಲಿ ನಿಂತಿದ್ದ ನನ್ನ ಮಗ ನಡುವೆ ಬಾಯಿ ಹಾಕಿದ. 'ಅಜ್ಜಿ, ನಿಮ್ಮದು ಬೇರೆ, ಅವಳದು ಬೇರೆ. ನಿಮ್ಮ ಮನೇಲಿ ಬಡಿಸೋರು ಇದಾರೆ, ಸೋಮಾರಿಗಳು. ಅವಳ ಮನೇಲಿ ಬಡಿಸೋರೇ ಇಲ್ಲ, ಹೊರಗಿಂದ ಕರೆಸ್ಬೇಕು.' ಹುಡುಗಿಯರು ಗೊಳ್ಳೆಂದು ನಕ್ಕರು. ಪುಟ್ಟಿಗೆ ಈ ಪಂಕ್ತಿಯ ಕಥೆ ಗೊತ್ತಿರಲಿಲ್ಲ, ಅವನು ಅವಳಿಗೂ ವಿವರಿಸಬೇಕಾಯಿತು. ಅವಳು ಕೇಳಿ, 'ಸರಿಯಾಗಿದೆ, ಆದ್ರೆ ಕರೆಸಿದೋರು ಕೆಲವು ಸಲ ಲೇಟಾಗಿ ಬರ್ತಾರೆ' ಅಂತ ತಿದ್ದುಪಡಿ ಮಾಡಿದಳು. ಇನ್ಸುಲಿನ್ ಹಾಕಿಕೊಂಡ ಕೂಡಲೇ ಊಟ ಮಾಡಿದರೆ ಸಕ್ಕರೆ ಮೊದಲು ಏರಿ ಆಮೇಲೆ ಇಳಿಯುತ್ತದೆ, ಅದನ್ನು ಅವಳು ಹೇಳಿದ್ದು. ಅಮ್ಮ ಆನೆ ಕೊಟ್ಟರು, ನವಿಲನ್ನೂ ಕೊಟ್ಟರು.

ಆ ಸಂಜೆ ನನಗೆ ಹಿಡಿಸಿದ್ದು ಹುಡುಗಿಯ ಧೈರ್ಯ ಅಂತ ಹೇಳಿದರೆ ಪೂರ್ತಿ ಆಗುವುದಿಲ್ಲ. ಅವಳಿಗೆ ಹೇಳಲು ಸುಲಭವಾದ ಮಾತುಗಳು ಇದ್ದವು. ಮನೆಯಲ್ಲಿ ಅಪ್ಪ ಅಮ್ಮ ಅವಳ ಮುಂದೆ ಕಾಯಿಲೆಯ ಬಗ್ಗೆ ಪಿಸುಗುಡದೆ ಮಾತಾಡಿದ್ದಾರೆ. ಹಾಗಾಗಿ ಅವಳಿಗೆ ಅದು ಲೆಕ್ಕದ ವಿಷಯ, ನಾಚಿಕೆಯ ವಿಷಯ ಆಗಿಲ್ಲ. ಕಾಯಿಲೆ ಇರುವ ಮಗುವಿಗೇ ಮಾತು ಸಿಗದಿದ್ದರೆ ಜೊತೆಯ ಮಕ್ಕಳಿಗೆ ಎಲ್ಲಿಂದ ಸಿಗಬೇಕು?

ಹೇಳುವ ಹಕ್ಕು ಯಾರದು

ಹಾಗಂತ ಎಲ್ಲ ಮನೆಗಳೂ ಹೀಗಿಲ್ಲ, ಪುಟ್ಟಿಯ ಮನೆಯೂ ಮೊದಲಿನಿಂದ ಹೀಗಿರಲಿಲ್ಲ. ಅವರ ಅಜ್ಜಿಗೆ ಈಗಲೂ ಯಾರಿಗೂ ಗೊತ್ತಾಗಬಾರದು. 'ಹೆಣ್ಣು ಮಗು ಬೇರೆ, ನಾಳೆ ಮದುವೆ ಅಂತ ಬಂದಾಗ?' ಹತ್ತು ವರ್ಷದ ಮಗುವಿನ ಮದುವೆಯ ಚಿಂತೆ ನಗು ತರಿಸಬಹುದು, ಆದರೆ ನಮ್ಮ ಜಿಲ್ಲೆಯಲ್ಲಿ ಸಂಬಂಧ ಹುಡುಕುವಾಗ ಏನೇನು ವಿಚಾರಿಸುತ್ತಾರೆ ಅಂತ ಗೊತ್ತಿರುವವರು ಅದನ್ನು ಸುಮ್ನೆ ತಳ್ಳಿಹಾಕಲಾರರು. ಮುಚ್ಚಿಡುವುದರಿಂದ ಅಪಾಯವೂ ಇದೆ. ಕ್ಲಾಸಿನಲ್ಲಿ ಸಕ್ಕರೆ ಇಳಿದು ಮಗು ತೂಕಡಿಸಿದರೆ, ಪಕ್ಕದಲ್ಲಿರುವವನಿಗೆ ಅದು ನಿದ್ದೆ ಅಲ್ಲ ಅಂತ ಗೊತ್ತಿರಬೇಕು.

ಆದ್ದರಿಂದ ಕ್ಲಾಸಿನಲ್ಲಿ ಹೇಳಬೇಕು, ಆದರೆ ಮೊದಲು ಆ ಮಗುವನ್ನೇ ಕೇಳಬೇಕು. ಎಷ್ಟು ಹೇಳಬೇಕು, ಯಾರು ಹೇಳಬೇಕು, ಆಗ ನೀನು ಕ್ಲಾಸಿನಲ್ಲಿ ಇರುತ್ತೀಯಾ ಹೊರಗಿರುತ್ತೀಯಾ, ಇಷ್ಟು. ಕೇಳದೆ ಪ್ರಾರ್ಥನೆಯ ಹೊತ್ತಿನಲ್ಲಿ ಮೈಕಿನ ಮುಂದೆ ನಿಲ್ಲಿಸಿ, 'ಈ ಮಗುವಿಗೆ ಕಾಯಿಲೆ ಇದೆ, ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳಿ' ಅಂತ ಹೇಳಿದರೆ ಆ ಮಗು ಮುಂದಿನ ವಾರ ಸ್ಕೂಲಿಗೆ ಬರಲ್ಲ ಅಂತ ಹಟ ಮಾಡುತ್ತದೆ. ಪುಟ್ಟಿ ಆರಿಸಿಕೊಂಡದ್ದು ತಾನೇ ಮೀಟರ್ ತೋರಿಸುವುದನ್ನು. ತನ್ನ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ಪಟ್ಟಿಗೆ ತಾಗಿಸಿ, ನಂಬರ್ ಬರುವುದನ್ನು ತೋರಿಸಿದಳಂತೆ. ಹುಡುಗರು ಮುಗಿಬಿದ್ದು ನೋಡಿದರಂತೆ, ಒಬ್ಬನಿಗೆ ತಲೆ ಸುತ್ತಿತಂತೆ. ಅವನ ಬಗ್ಗೆ ಈಗಲೂ ನಗುತ್ತಾರೆ.

ಬೇಲೂರು ಕಡೆ ನನ್ನ ಅಕ್ಕನ ಊರಿನ ಸರ್ಕಾರಿ ಸ್ಕೂಲಿನಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬರುತ್ತದೆ. ಅವನಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ, ಎಲ್ಲರ ಮುಂದೆ ಬಂತು. ಯಾರೋ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದರು. ಎರಡರಿಂದಲೂ ಏನೂ ಉಪಯೋಗವಿಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಚಪ್ಪಲಿಗೆ ಬರುತ್ತದೆ. ಮಾರನೇ ದಿನದಿಂದ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅಲ್ಲಿನ ಮೇಷ್ಟ್ರು ಒಳ್ಳೆಯ ಉಪಾಯ ಮಾಡಿದರು. ಹುಡುಗನ ಮನೆಯವರನ್ನು ಕೇಳಿ, ಕ್ಲಾಸಿನಲ್ಲಿ ಕೆಲಸ ಹಂಚಿದರು. ಇಬ್ಬರು ಬೆಂಚು ಸರಿಸಬೇಕು. ಒಬ್ಬ ತಲೆಯ ಕೆಳಗೆ ಮಡಚಿದ ಸ್ವೆಟರ್ ಇಡಬೇಕು. ಬಾಯಿಗೆ ಯಾರೂ ಏನೂ ಹಾಕಬಾರದು, ನೀರೂ ಕುಡಿಸಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಒಬ್ಬಳು ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಒಂದು ಸಲ ನಾಟಕದಂತೆ ಆಡಿಸಿಯೂ ನೋಡಿದರಂತೆ, ಆ ಹುಡುಗನೇ ಬಿದ್ದವನ ಪಾತ್ರ ಮಾಡಿದ. ಅಕ್ಕ ಹೇಳುವ ಪ್ರಕಾರ, ಗಡಿಯಾರ ನೋಡುವ ಕೆಲಸ ಸಿಕ್ಕ ಹುಡುಗಿಯೇ ಮೊದಲು ಅವನ ಪಕ್ಕ ಹೋಗಿ ಕೂತದ್ದು. ಕೆಲಸ ಸಿಕ್ಕಿದವರಿಗೆ ಹೆದರಲು ಪುರುಸೊತ್ತಿರುವುದಿಲ್ಲ.

ವಿಂಧ್ಯಗಿರಿಯ ಮೆಟ್ಟಿಲು

ಡಿಸೆಂಬರಿನಲ್ಲಿ ಸ್ಕೂಲಿನಿಂದ ಶ್ರವಣಬೆಳಗೊಳಕ್ಕೆ ಪ್ರವಾಸ. ಪುಟ್ಟಿಯನ್ನು ಕರೆದುಕೊಂಡು ಹೋಗಲು ಸ್ಕೂಲಿನವರು ಮೊದಲು ಹಿಂದೇಟು ಹಾಕಿದರು. 'ಏನಾದ್ರೂ ಆದ್ರೆ ಯಾರು ಜವಾಬ್ದಾರಿ?' ಅವರ ಹೆದರಿಕೆ ಸುಳ್ಳೇನಲ್ಲ, ನಲವತ್ತು ಮಕ್ಕಳಿಗೆ ಇಬ್ಬರು ಮಿಸ್. ಆದರೆ ಹೆದರಿಕೆಗೆ ಉತ್ತರ ಮಗುವನ್ನು ಮನೆಯಲ್ಲಿ ಕೂರಿಸುವುದಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಪತ್ರ ಬರೆದು, ಟೈಪ್ ಒನ್ ಇರುವ ಮಕ್ಕಳು ಕ್ಲಾಸಿನಲ್ಲಿ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಬಿಡಬೇಕು ಅಂತ ಹೇಳಿದೆ. ಸಿ.ಬಿ.ಎಸ್.ಇ. ತನ್ನ ಬೋರ್ಡ್ ಪರೀಕ್ಷೆಯ ಹಾಲಿಗೆ ಇವರು ಹಣ್ಣು, ಸಕ್ಕರೆ ಮಾತ್ರೆ ತರಲು 2017ರಲ್ಲೇ ಒಪ್ಪಿದೆ. ಈ ಮಾತುಗಳನ್ನೆಲ್ಲ ಪುಟ್ಟಿಯ ಅಪ್ಪ ಪ್ರಿಂಟ್ ತೆಗೆದು ಕೊಟ್ಟರು. ಕೊನೆಗೆ ಅಮ್ಮನೂ ಜೊತೆಗೆ ಬರುವುದಾದರೆ ಸರಿ ಅಂತ ಆಯಿತು. ಅವರು ಚಿಕ್ಕ ಮಗನನ್ನು ಎತ್ತಿಕೊಂಡು ಬಂದಿದ್ದರು, ಹಾಗಾಗಿ ಬೆಟ್ಟದ ಕೆಳಗೇ ಕೂತರು. ಮಕ್ಕಳು ಹತ್ತಿದರು.

ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡೆದದ್ದು, ಚಪ್ಪಲಿ ಹಾಕುವ ಹಾಗಿಲ್ಲ. ಯಾರು ಮೊದಲು ಹತ್ತುತ್ತಾರೆ ಅಂತ ಪಂದ್ಯ ಕಟ್ಟಿಯೇ ಹೊರಟರಂತೆ. ಅಖಂಡ ಬಾಗಿಲಿನ ಹತ್ತಿರ ಪುಟ್ಟಿ ಕೂತುಬಿಟ್ಟಳು. ಬೆವರುತ್ತಿದ್ದಳು. ಎಲ್ಲರೂ ಬೆವರುತ್ತಿದ್ದರು, ಅದೇ ಇಲ್ಲಿನ ತೊಡಕು. ಆದರೆ ನನ್ನ ಮಗನಿಗೆ ಅವಳ ಮಾತು ವಿಚಿತ್ರ ಅನಿಸಿತಂತೆ, 'ನಂಗೆ ಬೇಡ ಹೋಗು' ಅಂತ ಯಾರೋ ಏನೂ ಕೊಡದೇ ಇದ್ದಾಗ ರೇಗಿದಳಂತೆ. ಮೀಟರ್ ತೆಗೆಸಿದರು. 62 ಇತ್ತು. 70ಕ್ಕಿಂತ ಕಡಿಮೆ ಅಂದರೆ ತಡ ಮಾಡುವ ಹಾಗಿಲ್ಲ ಅಂತ ಅವಳೇ ಕ್ಲಾಸಿನಲ್ಲಿ ಹೇಳಿದ್ದಳು. ಮಿಸ್ ಗಾಬರಿಯಾಗಿ ಕೆಳಗೆ ಇಳಿಸೋಣ ಅಂದರು. ಮಕ್ಕಳು ಬಿಡಲಿಲ್ಲ. ಮೊದಲು ಗ್ಲೂಕೋಸ್, ಆಮೇಲೆ ಕಾಯೋದು, ಆಮೇಲೆ ನೋಡೋದು, ಹಾಗೇ ಅಲ್ವಾ ಇರೋದು? ಅವಳ ಬ್ಯಾಗಿನ ಪುಡಿ, ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಸಿದರು. ಹದಿನೈದು ನಿಮಿಷ ಕಾಯಬೇಕು. ವಾಚ್ ಕಟ್ಟಿದ್ದ ಹುಡುಗ ಜೋರಾಗಿ ನಿಮಿಷ ಎಣಿಸಿದ, ಬೇರೆ ಯಾತ್ರಿಕರೂ ನಿಂತು ನೋಡಿದರಂತೆ. ಮತ್ತೆ ನೋಡಿದಾಗ 94. ಆಮೇಲೆ ಬಿಸ್ಕೆಟ್, ಅವಳಿಗೂ ಉಳಿದವರಿಗೂ. 'ಪುಟ್ಟಿಯಿಂದ ನಮಗೂ ರೆಸ್ಟ್ ಸಿಕ್ತು ಅಪ್ಪ, ನಮ್ಮ ಕಾಲೂ ನೋಯ್ತಿತ್ತು' ಅಂದ ಮಗ. ಗೊಮ್ಮಟನ ಬಗ್ಗೆ ಏನು ನೋಡಿದೆ ಅಂತ ಕೇಳಿದರೆ 'ದೊಡ್ಡದಿದೆ' ಅಂದ, ಅಷ್ಟೇ.

ಹೊಸ ತೊಂದರೆ

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಬೆಟ್ಟದಿಂದ ಇಳಿದ ಮೇಲೆ ನನ್ನ ಮಗ ಮತ್ತು ಅವನ ಮೂವರು ಸ್ನೇಹಿತರು ಪುಟ್ಟಿಯ ಕಾವಲುಗಾರರಾದರು. ಟಿಫನ್ ಡಬ್ಬಿ ತೆರೆದರೆ ಇಣುಕುವುದು. 'ಇದು ತಿಂತೀಯಾ? ಇನ್ಸುಲಿನ್ ಹಾಕ್ಕೊಂಡ್ಯಾ?' ಖೋ ಖೋ ಆಡುವಾಗ ಮಧ್ಯದಲ್ಲೇ ನಿಲ್ಲಿಸಿ 'ನಂಬರ್ ನೋಡ್ಕೋ' ಅನ್ನುವುದು. ಬರ್ತ್‌ಡೇ ಚಾಕೊಲೇಟನ್ನು ಅವಳು ಅಲ್ಲೇ ತಿಂದರೆ ಮಿಸ್‌ಗೆ ಹೇಳುವುದು. ಒಂದು ದಿನ ಅವಳು ಕಿರುಚಿದಳಂತೆ, 'ನೀವೇನು ನಮ್ಮಮ್ಮನಾ?' ಮಗ ಬಹಳ ಬೇಜಾರಿನಲ್ಲಿ ಬಂದ. ಸಹಾಯ ಮಾಡಿದ್ದಕ್ಕೆ ಬೈದಳು ಅಂತ.

ನಾನು ನಿನ್ನ ಗಣಿತದ ಮಾರ್ಕ್ಸ್ ದಿನಾ ಮೂರು ಹೊತ್ತು ಎಲ್ಲರ ಮುಂದೆ ಕೇಳಿದರೆ ಹೇಗಿರುತ್ತೆ ಅಂತ ಅವನನ್ನು ಕೇಳಿದೆ. ಅವನಿಗೆ ತಟ್ಟನೆ ಅರ್ಥವಾಯಿತು, ಸ್ವಲ್ಪ ಜಾಸ್ತಿಯೇ. ಆ ನಂಬರ್ ಎಷ್ಟು ಸರಿಯಾಗಿ ಲೆಕ್ಕ ಹಾಕಿದರೂ ಏರುತ್ತದೆ, ಇಳಿಯುತ್ತದೆ. ಜ್ವರ ಬಂದರೆ ಏರುತ್ತದೆ, ಪರೀಕ್ಷೆಯ ಹೆದರಿಕೆಗೂ ಏರಬಹುದು. 280 ಬಂದ ದಿನ ಅವಳು ಏನೋ ತಪ್ಪು ಮಾಡಿದ್ದಾಳೆ ಅಂತ ಅರ್ಥವಲ್ಲ. ನಾವು ದೊಡ್ಡವರು ಪಾರ್ಕಿನಲ್ಲಿ ನಂಬರ್ ಹೇಳಿಕೊಳ್ಳುವುದು ನಮ್ಮ ಇಷ್ಟ, ಅವಳ ನಂಬರ್ ಅವಳದು. ಈ ಭಾಗವನ್ನು ನಾನು ಮೊದಲೇ ಎಲ್ಲಿಯೂ ಓದಿರಲಿಲ್ಲ. ಅರ್ಥ ಮಾಡಿಸುವುದರ ಬಗ್ಗೆ ಬೇಕಾದಷ್ಟು ಹೇಳುತ್ತಾರೆ, ಅರ್ಥವಾದ ಮೇಲೆ ಸುಮ್ಮನಿರುವುದನ್ನು ಕಲಿಸುವ ಬಗ್ಗೆ ಯಾರೂ ಹೇಳುವುದಿಲ್ಲ. ಅದೇ ಕಷ್ಟದ ಪಾಠ. ಮಕ್ಕಳಿಗಿಂತ ನಮ್ಮ ಅಮ್ಮನಿಗೆ ಇನ್ನೂ ಕಷ್ಟ. ಪುಟ್ಟಿ ಕಂಡರೆ ಈಗಲೂ ಮೊದಲ ಮಾತು 'ಎಷ್ಟಿದೆಯಮ್ಮ ಇವತ್ತು?' ಅವಳು 'ನಿಮ್ಮದೆಷ್ಟು ಅಜ್ಜಿ?' ಅಂತ ತಿರುಗಿ ಕೇಳಲು ಕಲಿತಿದ್ದಾಳೆ. ಅಮ್ಮ ಮಾತು ಬದಲಾಯಿಸುತ್ತಾರೆ.

ಹುಡುಗರು ಹುಡುಗಿ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ನಂಬರ್ ಕೇಳುವ ಹಾಗಿಲ್ಲ. ಬೇಕಾದರೆ ಅವಳೇ ಹೇಳುತ್ತಾಳೆ. ಆದರೆ ಕಾರಣವಿಲ್ಲದೆ ರೇಗಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಅವರು ಅನುಮತಿ ಕೇಳದೆ ಮೀಟರ್ ತಂದು ಮುಂದೆ ಇಡಬಹುದು. ಅವಳಿಗೆ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ದೊಡ್ಡವರನ್ನು ಕರೆಯಬೇಕು. ಇದಿಷ್ಟನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಐವರೂ ಸಹಿ ಹಾಕಿದ್ದಾರೆ. 'ಕಾರಣವಿಲ್ಲದೆ' ಅನ್ನುವುದರ ಮೇಲೆ ಆಗಲೇ ಎರಡು ತಕರಾರು ನಡೆದಿವೆ. ಇವನ ಮೇಲೆ ಸಿಟ್ಟು ಬರಲು ಕಾರಣಗಳಿಗೇನು ಕೊರತೆ ಅಂತ ಪುಟ್ಟಿಯ ವಾದ.

ಈ ವಾರ ಅವರಿಬ್ಬರೂ ಮಾತು ಬಿಟ್ಟಿದ್ದಾರೆ. ಖೋ ಖೋದಲ್ಲಿ ಅವಳು ಔಟ್ ಅಂತ ಇವನು, ಅಲ್ಲ ಅಂತ ಅವಳು. ಮೀಟರ್ ತಂದು ಮುಂದೆ ಇಟ್ಟು ನೋಡಿದ್ದಾನೆ. 118 ಬಂದಿದೆ. 'ನೋಡು, ನಾನು ಸರಿಯಾಗೇ ಇದ್ದೀನಿ, ನೀನೇ ಮೋಸ ಮಾಡಿದ್ದು' ಅಂದಳಂತೆ. ರಾಜಿ ಮಾಡಿಸೋಣವಾ ಅಂತ ಅವರಮ್ಮನನ್ನು ಕೇಳಿದೆ. 'ಆಡ್ಲಿ ಬಿಡಿ ಅಣ್ಣ, ಜಗಳ ಆಡ್ಲಿ' ಅಂದರು.